ಸ್ಲೋ ಸೈಕಲ್ ರೇಸ್ ಅಲ್ಲ, ಇದು ಟೆಸ್ಟ್ ಕ್ರಿಕೆಟ್



ಶಾಲೆಯ ಕ್ರೀಡಾದಿನದಂದು ಸ್ಲೋ ಸೈಕಲ್ ರೇಸ್ ಎಂಬ ಸ್ಪರ್ಧೆಯೊಂದು ಇರುತ್ತಿದ್ದುದು ನಿಮಗೆ ನೆನಪಿರಬಹುದು. ಕಾಲನ್ನು ನೆಲಕ್ಕೆ ತಾಗಿಸದೆ ಎಲ್ಲರಿಗಿಂತ ಕೊನೆಯಲ್ಲಿ ಗೆರೆ ಮುಟ್ಟಿದವನೇ ಅಲ್ಲಿ ವಿಜೇತ. ತಡ ಮಾಡಿದವನಿಗೆ ಬಹುಮಾನ ಕೊಡುವ ಆಟ ಜಗತ್ತಿನಲ್ಲಿ ಇದೊಂದೇ ಇರಬೇಕೆಂದು ನಾವು ಉಪಾಧ್ಯಾಯರು ನಗುತ್ತಿದ್ದೆವು. ಇತ್ತೀಚಿನ ಟೆಸ್ಟ್ ಪಂದ್ಯಗಳನ್ನು ನೋಡಿದ ಮೇಲೆ ಆ ಮಾತನ್ನು ಹಿಂದಕ್ಕೆ ಪಡೆಯಬೇಕಾಗಿದೆ. ವ್ಯತ್ಯಾಸ ಇಷ್ಟೇ: ಸ್ಲೋ ಸೈಕಲ್ ತುಳಿಯುವುದಕ್ಕೆ ನಿಜವಾದ ಕೌಶಲ ಬೇಕು.

ಟೆಸ್ಟ್ ಕ್ರಿಕೆಟ್ಟಿನಲ್ಲಿ ಒಂದು ದಿನಕ್ಕೆ 90 ಓವರುಗಳು ಆಗಬೇಕೆಂಬುದು ನಿಯಮ. ಆರು ಗಂಟೆಗಳ ಆಟ, ಗಂಟೆಗೆ 15 ಓವರ್. ಮೂರನೆಯ ತರಗತಿಯ ಗುಣಾಕಾರ. ಅಷ್ಟರಲ್ಲಿ ಮುಗಿಯದಿದ್ದರೆ ಸಂಜೆ ಅರ್ಧ ಗಂಟೆ ಹೆಚ್ಚುವರಿ ಕಾಲಾವಕಾಶವೂ ಉಂಟು. ಇಷ್ಟಿದ್ದೂ ಎಷ್ಟೋ ದಿನ 90 ಮುಟ್ಟುವುದಿಲ್ಲ. ಕೈಗವಸು ಬದಲಿಸುವುದು, ನೀರು ತರಿಸುವುದು, ಪ್ರತಿ ಚೆಂಡಿಗೂ ನಾಯಕನು ಬೌಲರನ ಹೆಗಲ ಮೇಲೆ ಕೈಹಾಕಿ ಮಂತ್ರಾಲೋಚನೆ ನಡೆಸುವುದು. ಆ ಅವಧಿಯಲ್ಲಿ ನಮ್ಮೂರಿನವರು ಒಂದು ತಟ್ಟೆ ಮಂಡಕ್ಕಿ ಮೆಣಸಿನಕಾಯಿ ಮುಗಿಸಿ, ಚಹಾ ಕುಡಿದು, ರಾಜಕೀಯವನ್ನೂ ಇತ್ಯರ್ಥ ಮಾಡಿ ಬರಬಲ್ಲರು. ಬಾರದ ಓವರುಗಳ ಹಣವನ್ನು ಟಿಕೆಟ್ ಕೊಂಡವನಿಗೆ ಯಾರೂ ಹಿಂದಿರುಗಿಸುವುದಿಲ್ಲ.

‘ನಿಧಾನವೇ ಪ್ರಧಾನ’ ಎಂದು ನೀವೇ ಕಲಿಸಿದಿರಲ್ಲ ಸಾರ್ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಹೌದು, ಕಲಿಸಿದೆ, ಲೆಕ್ಕ ಮಾಡುವಾಗ, ಅಕ್ಷರ ಬರೆಯುವಾಗ ಎಂದು ಕಲಿಸಿದೆ. ಗಂಟೆ ಹೊಡೆದ ಮೇಲೂ ಉತ್ತರಪತ್ರಿಕೆಯನ್ನು ಹಿಡಿದುಕೊಂಡೇ ಇರಿ ಎಂದು ಕಲಿಸಲಿಲ್ಲ.

ಇದು ಹೊಸ ರೋಗವಲ್ಲ ಎಂಬುದನ್ನು ಒಪ್ಪುತ್ತೇನೆ. 1981-82ರಲ್ಲಿ ಇಂಗ್ಲೆಂಡ್ ತಂಡ ಭಾರತಕ್ಕೆ ಬಂದಾಗ ಮುಂಬಯಿಯ ಮೊದಲ ಟೆಸ್ಟನ್ನು ನಾವು ಗೆದ್ದೆವು. ಉಳಿದ ಐದೂ ಪಂದ್ಯಗಳು ಡ್ರಾ ಆದವು. ಮುಂದಿರುವವರಿಗೆ ಅವಸರವಿರಲಿಲ್ಲ, ಹಿಂದಿರುವವರೂ ಚುರುಕಾಗಲಿಲ್ಲ. ಆ ಸರಣಿಯ ಬೆಂಗಳೂರಿನ ಟೆಸ್ಟಿನಲ್ಲಿ ಗಾವಸ್ಕರ್ 708 ನಿಮಿಷ ನಿಂತು 172 ರನ್ ಗಳಿಸಿದರು. ಏಕಾಗ್ರತೆಗೆ ನಮಸ್ಕಾರ. ಆದರೆ ದಾವಣಗೆರೆಯಿಂದ ರೈಲು ಹತ್ತಿ, ಒಂದು ದಿನದ ರಜೆ ಹಾಕಿ ನೋಡಲು ಹೋಗಿದ್ದ ನನ್ನ ಸಹೋದ್ಯೋಗಿಗಳು ಮರಳಿ ಬಂದು ವರ್ಣಿಸಿದ್ದು ಆಟವನ್ನಲ್ಲ, ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ತಮಗೆ ಬಂದ ನಿದ್ದೆಯನ್ನು.

ಆಲೋಚನೆಗೆ ಸಮಯ ಬೇಡವೇ ಎಂಬುದು ತಡಮಾಡುವವರ ಪರವಾಗಿ ಸದಾ ಕೇಳಿಬರುವ ವಾದ. ನಮ್ಮ ನಾಡಿನ ಚಂದ್ರಶೇಖರ್ ಅವರು 1971ರಲ್ಲಿ ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡನ್ನು ಉರುಳಿಸಿದರು. ಅನಿಲ್ ಕುಂಬ್ಳೆ 1999ರಲ್ಲಿ ದೆಹಲಿಯಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ಟುಗಳನ್ನು 26.3 ಓವರುಗಳಲ್ಲಿ ಪಡೆದರು. ಪ್ರಸನ್ನ ಅವರಷ್ಟು ಯೋಚಿಸಿ ಚೆಂಡೆಸೆದವರು ಎಷ್ಟು ಮಂದಿ? ಇವರೆಲ್ಲ ನಡೆಯುತ್ತ ನಡೆಯುತ್ತಲೇ ಆಲೋಚಿಸಿದರು. ಇವರು ಸ್ಪಿನ್ನರುಗಳು, ವೇಗದವರಿಗೆ ದೂರದಿಂದ ಓಡಿಬರಬೇಕು ಎನ್ನುವಿರಾದರೆ, ಆ ಮಾತಿನಲ್ಲಿ ಸತ್ಯಾಂಶವಿದೆ. ಇಂಗ್ಲೆಂಡಿನ ನಾಯಕ ಸ್ಟೋಕ್ಸ್ ಕೂಡ ಇದೇ ಆಕ್ಷೇಪ ಎತ್ತಿದ್ದಾರೆ. ಆದರೆ ಓಟಕ್ಕೆ ಹಿಡಿಯುವ ಸಮಯ ಎಷ್ಟೆಂದು ನೋಡಿ. ಕಾಲ ಸೋರುವುದು ಓಟದಲ್ಲಲ್ಲ, ಓಟಗಳ ನಡುವಿನ ಅಡ್ಡಾಟದಲ್ಲಿ.

ವೇಗದವರ ಮಾತು ಬಂದಾಗ ನಮ್ಮೂರಿನ ಹುಡುಗನನ್ನು ಬಿಡಲಾದೀತೇ? ‘ದಾವಣಗೆರೆ ಎಕ್ಸ್‌ಪ್ರೆಸ್’ ಆರ್. ವಿನಯ್ ಕುಮಾರ್ ಆಡಿದ್ದು ಒಂದೇ ಒಂದು ಟೆಸ್ಟ್: 2012ರ ಜನವರಿಯಲ್ಲಿ, ಆಸ್ಟ್ರೇಲಿಯದ ಪರ್ತ್‌ನಲ್ಲಿ. ಅಂದು ಭಾರತ ಸ್ಪಿನ್ನರನನ್ನೇ ಬಿಟ್ಟು ನಾಲ್ವರು ವೇಗಿಗಳೊಡನೆ ಇಳಿಯಿತು. ಇನ್ನಿಂಗ್ಸ್ ಮತ್ತು 37 ರನ್ನುಗಳಿಂದ ಮೂರೇ ದಿನದಲ್ಲಿ ಸೋತಿತು. ಅದರ ಮೇಲೆ ನಿಧಾನಗತಿಯ ಓವರುಗಳಿಗಾಗಿ, ಹನ್ನೆರಡು ತಿಂಗಳಲ್ಲಿ ಎರಡನೆಯ ಬಾರಿ ಎಂಬ ಕಾರಣಕ್ಕೆ, ನಾಯಕ ಧೋನಿಗೆ ಮುಂದಿನ ಅಡಿಲೇಡ್ ಟೆಸ್ಟಿನಿಂದ ನಿಷೇಧ. ಗಮನಿಸಿ, ಐದು ದಿನದ ಪಂದ್ಯ ಮೂರು ದಿನಕ್ಕೆ ಮುಗಿದಿದೆ, ತಡಮಾಡಿ ಡ್ರಾ ಸಾಧಿಸುವ ಪ್ರಶ್ನೆಯೇ ಇಲ್ಲ, ಆದರೂ ತಡ! ಅಂದರೆ ಇದು ತಂತ್ರವೂ ಅಲ್ಲ, ಬರಿಯ ಚಾಳಿ. ಇದೇ ವಿನಯ್ ಕುಮಾರ್ ಮುಂದೆ ನಾಯಕನಾಗಿ 2013-14 ಮತ್ತು 2014-15ರಲ್ಲಿ ಸತತ ಎರಡು ವರ್ಷ ಕರ್ನಾಟಕಕ್ಕೆ ರಣಜಿ ಟ್ರೋಫಿ ತಂದುಕೊಟ್ಟಾಗ ನಾವೆಲ್ಲ ಎಷ್ಟು ಹಿಗ್ಗಿದೆವೆಂಬುದು ಬೇರೆ ಮಾತು.

ಇನ್ನು ದಂಡದ ವಿಚಾರ. ನಾನು ಕೆಲಸ ಮಾಡಿದ ಶಾಲೆಯೊಂದರಲ್ಲಿ ತಡವಾಗಿ ಬಂದವರಿಗೆ ನಾಲ್ಕಾಣೆ ದಂಡ ವಿಧಿಸುವ ಪದ್ಧತಿ ಕೆಲಕಾಲ ಇತ್ತು. ಫಲವೇನಾಯಿತು? ಬಡ ಹುಡುಗರು ಓಡೋಡಿ ಬಂದರು. ವರ್ತಕರ ಮನೆಯ ಮಕ್ಕಳು ವಾರದ ದಂಡವನ್ನು ಸೋಮವಾರವೇ ಕಟ್ಟಿ ನಿಶ್ಚಿಂತೆಯಿಂದ ಬರತೊಡಗಿದರು. ಅವರ ಪಾಲಿಗೆ ಅದು ದಂಡವಾಗಿ ಉಳಿಯದೆ ಶುಲ್ಕವಾಯಿತು. ಕೊನೆಗೆ ಮೊದಲ ಅವಧಿಯ ಹಾಜರಿಯನ್ನೇ ಕಡಿತಗೊಳಿಸಿದ ಮೇಲೆ ಎಲ್ಲರ ಕಾಲುಗಳೂ ಚುರುಕಾದವು.

ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿಗೆ ಈ ಪಾಠ ಹತ್ತಲಿಲ್ಲ. 2023ರ ಜೂನ್‌ನಲ್ಲಿ ವಿಶ್ವ ಟೆಸ್ಟ್ ಚಾಂಪಿಯನ್‌ಷಿಪ್ಪಿನ ಫೈನಲ್ ಪಂದ್ಯದಲ್ಲಿ ತಡಮಾಡಿದ್ದಕ್ಕಾಗಿ ಭಾರತ ತಂಡ ಪಂದ್ಯದ ಸಂಭಾವನೆಯ ಪೂರ್ತಿ 100 ಪ್ರತಿಶತವನ್ನೂ ಆಸ್ಟ್ರೇಲಿಯ 80 ಪ್ರತಿಶತವನ್ನೂ ಕಳೆದುಕೊಂಡವು. ಕೊರತೆಯಾದ ಪ್ರತಿ ಓವರಿಗೆ 20 ಪ್ರತಿಶತ ಎಂಬ ಲೆಕ್ಕ ಅದು. ಮರುತಿಂಗಳೇ ಡರ್ಬನ್‌ನಲ್ಲಿ ಸಭೆ ಸೇರಿದ ಮಂಡಳಿ ಮಾಡಿದ್ದೇನು? ಆ 20ನ್ನು 5ಕ್ಕೆ ಇಳಿಸಿ, ಒಟ್ಟು ಕಡಿತ 50 ಪ್ರತಿಶತವನ್ನು ಮೀರಬಾರದೆಂದು ಕಟ್ಟು ಹಾಕಿತು! ಹೆಚ್ಚು ಮಕ್ಕಳು ನಪಾಸಾದರೆಂದು ಪಾಸಿನ ಅಂಕವನ್ನೇ ಇಳಿಸುವ ಮುಖ್ಯೋಪಾಧ್ಯಾಯರನ್ನು ನಾನು ಕಂಡಿದ್ದೇನೆ; ಅವರೂ ಒಂದೇ ತಿಂಗಳಲ್ಲಿ ಇಷ್ಟು ಇಳಿಸಿದವರಲ್ಲ.

ಅಂಕ ಕಡಿತವಾದರೆ ನೋವಾಗುತ್ತದೆ ಎಂಬುದಕ್ಕೆ ಸಾಕ್ಷಿ ಉಂಟು. 2020ರ ಡಿಸೆಂಬರಿನ ಮೆಲ್ಬರ್ನ್ ಟೆಸ್ಟಿನಲ್ಲಿ ಎರಡು ಓವರ್ ಹಿಂದೆ ಬಿದ್ದ ಆಸ್ಟ್ರೇಲಿಯ ನಾಲ್ಕು ಅಂಕ ಕಳೆದುಕೊಂಡಿತು. ಕೊನೆಗೆ ಕೂದಲೆಳೆಯಷ್ಟು ಅಂತರದಲ್ಲಿ ನ್ಯೂಜಿಲೆಂಡ್ ಮುಂದೆ ಹೋಗಿ, 2021ರ ಫೈನಲ್ ಆಡಿ, ನಮ್ಮನ್ನೇ ಸೋಲಿಸಿ ಕಪ್ಪನ್ನು ಒಯ್ದಿತು. ಆದರೆ ಲೀಗ್ ಪಟ್ಟಿಯ ಅಂಕ ದೂರದ ದಂಡ. 2023ರ ಆ್ಯಷಸ್ ಸರಣಿಯೊಂದರಲ್ಲೇ 19 ಅಂಕ ಕಳೆದುಕೊಂಡ ಇಂಗ್ಲೆಂಡ್ ಆಮೇಲೂ ಬದಲಾಗಲಿಲ್ಲ. ದಂಡ ಅಂದೇ, ಅದೇ ಪಂದ್ಯದಲ್ಲಿ, ರನ್ ರೂಪದಲ್ಲಿ ಬೀಳಬೇಕು.

ಇದು ಕ್ರಿಕೆಟ್ಟಿಗೆ ಮಾತ್ರ ಅಂಟಿದ ವ್ಯಾಧಿಯಲ್ಲ. 2021ರ ಆಗಸ್ಟಿನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸಿನ ಗಾಲ್ಫಿನಲ್ಲಿ ಪದಕಕ್ಕೆ ಹತ್ತಿರವಾಗಿ ನಾಲ್ಕನೆಯ ಸ್ಥಾನ ಪಡೆದಾಗ, ಆ ಆಟದ ಗಂಧವೇ ಇಲ್ಲದ ನಾವೂ ಮುಂಜಾನೆ ಎದ್ದು ಕುಳಿತು ನೋಡಿದ್ದೆವು. ಆ ಮೇಲೆ ಗಾಲ್ಫಿನ ಬಗ್ಗೆ ಓದುತ್ತ ಹೋದಂತೆ ಅಲ್ಲಿಯೂ ಇದೇ ರಗಳೆ ಇದೆಯೆಂದು ತಿಳಿಯಿತು. ಒಂದು ಹೊಡೆತಕ್ಕೆ 40 ಸೆಕೆಂಡು ಸಾಕೆಂದು ಅವರ ನಿಯಮಪುಸ್ತಕವೇ ಸೂಚಿಸುತ್ತದೆ. 2019ರಲ್ಲಿ ಅಮೆರಿಕದ ಡಿಷಾಂಬೊ ಎಂಬ ಪ್ರಖ್ಯಾತ ಆಟಗಾರ ಎಂಟು ಅಡಿ ದೂರದ ಚೆಂಡನ್ನು ಕುಳಿಗೆ ತಳ್ಳಲು ಎರಡು ನಿಮಿಷಕ್ಕೂ ಹೆಚ್ಚು ಕಾಲ ತೆಗೆದುಕೊಂಡ, ಅದೂ ಗುರಿ ತಪ್ಪಿತು, ಶಿಕ್ಷೆ ಇಲ್ಲ. ಆದರೆ 2013ರ ಮಾಸ್ಟರ್ಸ್ ಪಂದ್ಯಾವಳಿಯಲ್ಲಿ ಚೀನಾದ ಗುವಾನ್ ಟಿಯನ್‌ಲಾಂಗ್ ತಡಮಾಡಿದನೆಂದು ಒಂದು ಹೊಡೆತದ ದಂಡ ಬಿತ್ತು. ಅವನ ವಯಸ್ಸು 14! ಎಂಟನೆಯ ಅಥವಾ ಒಂಬತ್ತನೆಯ ತರಗತಿಯ ಹುಡುಗ. ದಂಡ ವಿಧಿಸಿದ್ದು ತಪ್ಪೆನ್ನಲಾರೆ. ನಿಯಮ ಎಂದರೆ ನಿಯಮ. ನನ್ನನ್ನು ಕೆರಳಿಸುವುದು ಆ ನಿಯಮ ದೊಡ್ಡವರ ಮುಂದೆ ಬಂದಾಗ ಕೈಕಟ್ಟಿ ನಿಲ್ಲುವುದು.

ದಾವಣಗೆರೆಗೂ ಹರಿಹರಕ್ಕೂ ನಡುವೆ ಹದಿನಾಲ್ಕು ಕಿಲೋಮೀಟರಿನ ಆಸುಪಾಸು. ಶಾಲೆಗಳ ನಡುವೆ ಪಂದ್ಯವಾದಾಗ ಬಂದ ತಂಡ ಸಂಜೆಯ ಬಸ್ಸು ಹಿಡಿಯಲೇಬೇಕಿತ್ತು. ಇದ್ದದ್ದು ಎರಡೇ ಜೊತೆ ಪ್ಯಾಡು. ಔಟಾದವನು ಬಿಚ್ಚುತ್ತಿದ್ದಂತೆ ಮುಂದಿನವನು ಕಟ್ಟಿಕೊಂಡು ಓಡುತ್ತಿದ್ದ. ಹೈಸ್ಕೂಲ್ ಮೈದಾನದ ಟೆನಿಸ್ ಚೆಂಡಿನ ಪಂದ್ಯಗಳಲ್ಲಿಯೂ ಓವರ್ ಮುಗಿದೊಡನೆ ಚೆಂಡು ಮುಂದಿನ ಬೌಲರನ ಕೈಯಲ್ಲಿರುತ್ತಿತ್ತು. ಕೋಟಿ ಕೋಟಿ ಸಂಪಾದಿಸುವವರಿಗೆ ಇಷ್ಟು ಶಿಸ್ತು ಅಸಾಧ್ಯವೇ?

ಮಂಡಳಿ ಕೈಕಟ್ಟಿ ಕುಳಿತಿಲ್ಲ ಎನ್ನುವವರು 2025ರಲ್ಲಿ ಟೆಸ್ಟ್ ಪಂದ್ಯಗಳಿಗೂ ತಂದ ಗಡಿಯಾರವನ್ನು ತೋರಿಸುತ್ತಾರೆ. ಓವರ್ ಮುಗಿದ 60 ಸೆಕೆಂಡಿನೊಳಗೆ ಮುಂದಿನದು ಆರಂಭವಾಗಬೇಕು. ಎರಡು ಎಚ್ಚರಿಕೆಗಳ ನಂತರ ಐದು ರನ್ ದಂಡ. ಒಳ್ಳೆಯ ಹೆಜ್ಜೆಯೇ. ಆದರೆ ಅದು ಓವರುಗಳ ನಡುವಿನ ಕಳ್ಳತನವನ್ನು ಹಿಡಿಯುತ್ತದೆಯೇ ಹೊರತು ಚೆಂಡುಗಳ ನಡುವಿನದನ್ನಲ್ಲ. ದಾಂಡಿಗನನ್ನಂತೂ ಮುಟ್ಟುವುದೇ ಇಲ್ಲ. ಅದೇ ವರ್ಷದ ಜುಲೈಯಲ್ಲಿ ಲಾರ್ಡ್ಸ್ ಮೈದಾನದಲ್ಲಿ, ಎರಡೂ ತಂಡಗಳು ಸರಿಯಾಗಿ 387ಕ್ಕೆ ನಿಂತಿದ್ದ ಮೂರನೆಯ ಸಂಜೆ, ಇಂಗ್ಲೆಂಡಿನ ಕ್ರಾಲಿ ಬುಮ್ರಾ ಓಡಿಬರುತ್ತಿದ್ದಂತೆಯೇ ಪಕ್ಕಕ್ಕೆ ಸರಿದು, ಆಮೇಲೆ ಕೈಗೆ ಪೆಟ್ಟಾಯಿತೆಂದು ವೈದ್ಯರನ್ನು ಕರೆಸಿ, ಎರಡು ಓವರ್ ಆಗಬಹುದಾಗಿದ್ದಲ್ಲಿ ಒಂದನ್ನೇ ಎದುರಿಸಿ ಪೆವಿಲಿಯನ್ ಸೇರಿದ. ನಮ್ಮ ಹುಡುಗರು ವ್ಯಂಗ್ಯವಾಗಿ ಚಪ್ಪಾಳೆ ತಟ್ಟಿದರು.

ಇದಕ್ಕೆ ಹೊಸ ಸಮಿತಿ, ಹೊಸ ನಿಯಮ ಯಾವುದೂ ಬೇಕಿಲ್ಲ. ಕ್ರಿಕೆಟ್ಟಿನ 41ನೆಯ ನಿಯಮದಲ್ಲಿಯೇ ಕಾಲಹರಣ ಮಾಡುವ ಕ್ಷೇತ್ರರಕ್ಷಕರಿಗೂ ದಾಂಡಿಗರಿಗೂ ಮೊದಲು ಎಚ್ಚರಿಕೆ, ಮರುಕಳಿಸಿದರೆ ಎದುರಾಳಿಗೆ ಐದು ರನ್ ಎಂದು ಬರೆದಿದೆ. ಮೊದಲನೆಯ ಎಚ್ಚರಿಕೆಯನ್ನು ಎಚ್ಚರಿಕೆಯೆಂದು ಕೊಟ್ಟು, ಎರಡನೆಯ ಸಲ ಅಂಪೈರು ತನ್ನ ಒಂದು ಕೈಯನ್ನು ಎದುರು ಭುಜದ ಮೇಲಿಡಬೇಕು, ಅಷ್ಟೇ. ಅದಕ್ಕೆ 40 ಸೆಕೆಂಡೂ ಬೇಡ.