ಕೆಲಸ ಬಿಡದೆ ನರ್ಸಿಂಗ್ ಪದವಿ: ಯಾರಿಗೆ ಉಂಟು, ಯಾರಿಗಿಲ್ಲ?

ಮಲೆನಾಡಿನ ತಾಲ್ಲೂಕು ಕೇಂದ್ರವೊಂದರಿಂದ ತಂದೆಯೊಬ್ಬರು ಪತ್ರ ಬರೆದಿದ್ದಾರೆ. ಅವರಿಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯವಳು ಪಿಯುಸಿ ನಂತರ ಜಿ.ಎನ್.ಎಂ. ಡಿಪ್ಲೊಮಾ ಮುಗಿಸಿ, ನಾಲ್ಕು ವರ್ಷಗಳಿಂದ ಸ್ಟಾಫ್ ನರ್ಸ್ ಆಗಿದ್ದಾಳೆ. ಮದುವೆಯಾಗಿದೆ, ಒಂದು ಮಗುವಿದೆ. ಕಿರಿಯವಳು ಈ ಸಲ ವಿಜ್ಞಾನದಲ್ಲಿ ಪಿಯುಸಿ ಪಾಸಾಗಿದ್ದಾಳೆ. "ಮನೆಯಲ್ಲೇ ಕುಳಿತು ಬಿ.ಎಸ್ಸಿ. ನರ್ಸಿಂಗ್ ಮಾಡಬಹುದೆಂದು ಒಬ್ಬರು ಕರಪತ್ರ ಕೊಟ್ಟುಹೋಗಿದ್ದಾರೆ. ಇಬ್ಬರನ್ನೂ ಒಟ್ಟಿಗೆ ಸೇರಿಸಿದರೆ ಖರ್ಚು ಕಡಿಮೆಯಂತೆ. ಹಣ ಕಟ್ಟಲೇ?" ಎಂಬುದು ಅವರ ಪ್ರಶ್ನೆ.

ಹಣ ಕಟ್ಟುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಇಬ್ಬರಿಗೂ ಒಂದೇ ಉತ್ತರವಿಲ್ಲ. ಹಿರಿಯ ಮಗಳಿಗೆ ದೂರ ಶಿಕ್ಷಣದ ದಾರಿ ಇದೆ. ಕಿರಿಯವಳಿಗೆ ಇಲ್ಲ. ಅನೇಕ ಪೋಷಕರು ಎಡವುವುದು ಇಲ್ಲಿಯೇ.

ಕಿರಿಯವಳಿಗೆ ಏಕಿಲ್ಲ?

ನರ್ಸಿಂಗ್ ಕೈಯಿಂದ ಕಲಿಯುವ ವಿದ್ಯೆ. ರಕ್ತನಾಳ ಹುಡುಕಿ ಡ್ರಿಪ್ ಹಾಕುವುದು, ಹೆರಿಗೆ ಕೋಣೆಯಲ್ಲಿ ಶಿಶುವಿನ ಉಸಿರಾಟ ಗಮನಿಸುವುದು, ಔಷಧದ ಪ್ರಮಾಣ ಲೆಕ್ಕ ಹಾಕುವುದು – ಇವು ರೋಗಿಯ ಹಾಸಿಗೆಯ ಪಕ್ಕದಲ್ಲಿ, ಬಲ್ಲವರ ಕಣ್ಣೆದುರಿನಲ್ಲಿಯೇ ಬರಬೇಕು. ಆದ್ದರಿಂದಲೇ ಮೊದಲ ಬಾರಿಗೆ ನರ್ಸ್ ಆಗಹೊರಟವರಿಗೆ ಅಂಚೆಯ ಮೂಲಕ ತರಬೇತಿ ಇಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ 2020ರ ನಿಯಮಗಳು ನರ್ಸಿಂಗನ್ನು ದೂರ ಶಿಕ್ಷಣದಲ್ಲಿ ನೀಡಬಾರದ ವಿಷಯಗಳ ಪಟ್ಟಿಯಲ್ಲಿ ಸೇರಿಸಿವೆ. ಮಾನ್ಯತೆಯಿಲ್ಲದ ಪ್ರಮಾಣಪತ್ರ ಹಿಡಿದು ಹೋದರೆ ರಾಜ್ಯದ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿ ಆಗದು. ನೋಂದಣಿ ಇಲ್ಲದೆ ನರ್ಸ್ ಎಂದು ಕೆಲಸ ಮಾಡುವಂತಿಲ್ಲ.

ಈಕೆಯ ಮುಂದಿರುವ ದಾರಿಗಳು ಎರಡು. ಒಂದು, ನಾಲ್ಕು ವರ್ಷಗಳ ಬಿ.ಎಸ್ಸಿ. ನರ್ಸಿಂಗ್. ಇದಕ್ಕೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಹಾಗೂ ಇಂಗ್ಲಿಷ್ ಓದಿರಬೇಕು. ಇನ್ನೊಂದು, ಮೂರು ವರ್ಷಗಳ ಜಿ.ಎನ್.ಎಂ. ಡಿಪ್ಲೊಮಾ. ನಮ್ಮ ರಾಜ್ಯದಲ್ಲಿ ಪದವಿ ಕಾಲೇಜುಗಳು 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆ ಪಡೆದಿರುತ್ತವೆ. ಸರ್ಕಾರಿ ಕೋಟಾದ ಸೀಟುಗಳಿಗಾಗಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪ್ರಕಟಣೆಗಳನ್ನು ತಪ್ಪದೆ ಗಮನಿಸಿ.

ಹಿರಿಯವಳ ದಾರಿ

ಹಿರಿಯ ಮಗಳು ಈಗಾಗಲೇ ನೋಂದಾಯಿತ ನರ್ಸ್. ಆಕೆಗೆ ಬೇಕಾದದ್ದು ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನರ್ಸಿಂಗ್. ಕಾಲೇಜಿಗೆ ಹೋಗಿ ಓದಿದರೆ ಇದು ಎರಡು ವರ್ಷಗಳ ಕೋರ್ಸು. ಆದರೆ ಎರಡು ವರ್ಷ ಸಂಬಳ ಬಿಟ್ಟು ಓದುವುದು ಎಷ್ಟು ಮನೆಗಳಲ್ಲಿ ಸಾಧ್ಯ?

ಇಂಥವರಿಗಾಗಿಯೇ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೊ, 1994ರಲ್ಲಿ ಈ ಪದವಿಯನ್ನು ದೂರ ಶಿಕ್ಷಣದಲ್ಲಿ ಆರಂಭಿಸಿತು. ಅವಧಿ ಕನಿಷ್ಠ ಮೂರು ವರ್ಷ. ಪಿಯುಸಿ ನಂತರ ಜಿ.ಎನ್.ಎಂ. ಮಾಡಿದವರಿಗೆ ನೋಂದಣಿಯ ನಂತರ ಎರಡು ವರ್ಷಗಳ ಸೇವಾನುಭವ ಬೇಕು. ಹಿಂದೆ ಎಸ್ಸೆಸ್ಸೆಲ್ಸಿ ಆಧಾರದ ಮೇಲೆ ಜಿ.ಎನ್.ಎಂ. ಸೇರಿದ್ದವರಿಗೆ ಐದು ವರ್ಷ. ಪ್ರವೇಶ ಪರೀಕ್ಷೆ ಇದೆ, ಸೀಟುಗಳು ಸೀಮಿತ. ಎ.ಎನ್.ಎಂ. ಮಾತ್ರ ಓದಿದವರು ನೇರವಾಗಿ ಇದಕ್ಕೆ ಬರುವಂತಿಲ್ಲ. ಅವರು ಮೊದಲು ಜಿ.ಎನ್.ಎಂ. ಮುಗಿಸಬೇಕು.

'ದೂರ' ಎಂದರೆ ಎಷ್ಟು ದೂರ?

ಪುಸ್ತಕ ತರಿಸಿಕೊಂಡು ಪರೀಕ್ಷೆ ಬರೆದರೆ ಮುಗಿಯಿತು ಎಂದು ಭಾವಿಸಬೇಡಿ. ಇಗ್ನೊ ಲೆಕ್ಕದಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಗಳ ಅಧ್ಯಯನ. ಪಾಠಗಳನ್ನು ಓದಿ ಅಸೈನ್‌ಮೆಂಟ್ ಬರೆದು ಸಲ್ಲಿಸಬೇಕು. ನಿಗದಿಯಾದ ಕಲಿಕಾ ಕೇಂದ್ರಕ್ಕೆ ಹೋಗಿ ಪ್ರಾಯೋಗಿಕ ತರಬೇತಿ ಪಡೆಯುವುದು ಕಡ್ಡಾಯ. ಕೆಲವು ಪ್ರಾಯೋಗಿಕ ಕೆಲಸಗಳನ್ನು ತಾನು ದುಡಿಯುವ ಆಸ್ಪತ್ರೆಯಲ್ಲೇ ಮಾಡಿ ದಾಖಲಿಸಬೇಕು. ತಾಯಂದಿರ ಮತ್ತು ಮಕ್ಕಳ ಆರೈಕೆ, ಮಾನಸಿಕ ಆರೋಗ್ಯ, ಸಮುದಾಯ ಆರೋಗ್ಯದ ಜೊತೆಗೆ ಆಡಳಿತ, ಬೋಧನೆ, ಸಂಶೋಧನೆಗಳೂ ಪಠ್ಯದಲ್ಲಿವೆ. ಮಾಧ್ಯಮ ಇಂಗ್ಲಿಷ್. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಮೊದಲ ಆರು ತಿಂಗಳು ಶಬ್ದಕೋಶ ಪಕ್ಕದಲ್ಲಿಟ್ಟುಕೊಂಡೇ ಓದಬೇಕಾದೀತು.

ಎಲ್ಲಕ್ಕಿಂತ ಕಷ್ಟದ್ದು ರಜೆ. ಅರ್ಜಿ ಹಾಕುವ ಮೊದಲೇ ನರ್ಸಿಂಗ್ ಮೇಲ್ವಿಚಾರಕರ ಬಳಿ ಮಾತನಾಡಿ, ಪ್ರಾಯೋಗಿಕ ತರಗತಿಯ ದಿನಗಳಿಗೆ ರಜೆ ಅಥವಾ ಪಾಳಿ ಬದಲಾವಣೆ ಸಿಗುವುದೇ ಎಂದು ತಿಳಿದುಕೊಳ್ಳಬೇಕು. ಸಾಧ್ಯವಾದರೆ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಮನೆಯಲ್ಲಿಯೂ ಇದೇ ಮಾತುಕತೆ ಆಗಬೇಕು. ರಾತ್ರಿ ಪಾಳಿ ಮುಗಿಸಿ ಬಂದವಳು ಓದಲು ಕುಳಿತರೆ ಮಗುವನ್ನು ನೋಡಿಕೊಳ್ಳುವವರು ಯಾರು? ಮೂರು ವರ್ಷವೂ ಈ ಪ್ರಶ್ನೆ ದಿನನಿತ್ಯ ಎದುರಾಗುತ್ತದೆ.

ಪದವಿಯಿಂದ ಏನು ಲಾಭ?

ಕೇವಲ ಪದವಿ ಬಂದ ಮಾತ್ರಕ್ಕೆ ಖಾಸಗಿ ಆಸ್ಪತ್ರೆಯಲ್ಲಿ ಮರುದಿನವೇ ಸಂಬಳ ಏರುವುದಿಲ್ಲ. ಆದರೆ ಡಿಪ್ಲೊಮಾಕ್ಕೆ ಮುಚ್ಚಿರುವ ಬಾಗಿಲುಗಳು ತೆರೆಯುತ್ತವೆ. ಏಮ್ಸ್ ಸಂಸ್ಥೆಗಳ ನರ್ಸಿಂಗ್ ಆಫೀಸರ್ ನೇಮಕಾತಿಯನ್ನೇ ನೋಡಿ. ಡಿಪ್ಲೊಮಾ ಇದ್ದವರಿಗೆ ಕನಿಷ್ಠ 50 ಹಾಸಿಗೆಗಳ ಆಸ್ಪತ್ರೆಯಲ್ಲಿ ಎರಡು ವರ್ಷಗಳ ಅನುಭವ ಕೇಳುತ್ತಾರೆ. ಪದವೀಧರರಿಗೆ ಈ ಷರತ್ತಿಲ್ಲ. ಸಣ್ಣ ನರ್ಸಿಂಗ್ ಹೋಂನಲ್ಲಿ ದುಡಿದವರಿಗೆ ಇದು ದೊಡ್ಡ ವ್ಯತ್ಯಾಸ.

ಬೋಧನೆಯಲ್ಲಿ ಆಸಕ್ತಿ ಇದ್ದವರು ಎಂ.ಎಸ್ಸಿ. ನರ್ಸಿಂಗ್‌ಗೆ ಹೋಗಬಹುದು. ಅದು ಎರಡು ವರ್ಷಗಳ ಪೂರ್ಣಾವಧಿ ವ್ಯಾಸಂಗ. 'ದೂರ ಶಿಕ್ಷಣದ ಎಂ.ಎಸ್ಸಿ. ನರ್ಸಿಂಗ್' ಎಂಬ ಜಾಹೀರಾತು ಕಂಡರೆ ದೂರವೇ ಇರಿ. ವಿದೇಶದ ಆಸೆಯುಳ್ಳವರಿಗೆ ಇನ್ನೊಂದು ಮಾತು: ಅಲ್ಲಿನ ನೋಂದಣಿ ಸಂಸ್ಥೆಗಳು ಎಷ್ಟು ಗಂಟೆ ಪಾಠ, ಎಷ್ಟು ಗಂಟೆ ವಾರ್ಡ್ ಕೆಲಸ ಎಂದು ವಿಚಾರಿಸುತ್ತವೆ. ಜಿ.ಎನ್.ಎಂ. ಕಾಲದಿಂದಲೂ ಎಲ್ಲ ದಾಖಲೆಗಳನ್ನು ಜೋಪಾನವಾಗಿಡಿ.

ಹಣ ಕಟ್ಟುವ ಮುನ್ನ ಮೂರು ಪ್ರಶ್ನೆಗಳು

ಪದವಿ ಕೊಡುವ ವಿಶ್ವವಿದ್ಯಾಲಯ ಯಾವುದು? ಕರಪತ್ರದಲ್ಲಿ ಹೆಸರಿರುವ ಕಚೇರಿ ಬರೀ ಮಧ್ಯವರ್ತಿಯದಿರಬಹುದು. ಪ್ರಾಯೋಗಿಕ ತರಬೇತಿ ಯಾವ ಆಸ್ಪತ್ರೆಯಲ್ಲಿ? ಈ ಪದವಿಯನ್ನು ಶುಶ್ರೂಷಾ ಪರಿಷತ್ತು ನೋಂದಾಯಿಸಿಕೊಳ್ಳುತ್ತದೆಯೇ? ಮೂರನೆಯದನ್ನು ಬೆಂಗಳೂರಿನಲ್ಲಿರುವ ಪರಿಷತ್ತಿನ ಕಚೇರಿಯಲ್ಲೇ ಕೇಳಿ, ಕರಪತ್ರ ಹಂಚಿದವರನ್ನಲ್ಲ. 1947ರ ಕಾಯ್ದೆಯ ಭಾರತೀಯ ನರ್ಸಿಂಗ್ ಮಂಡಳಿಯ ಬದಲಿಗೆ ಹೊಸ ರಾಷ್ಟ್ರೀಯ ಆಯೋಗವನ್ನು ತರಲು ಸಂಸತ್ತು 2023ರಲ್ಲಿ ಕಾಯ್ದೆ ಮಾಡಿದೆ. ಆದ್ದರಿಂದ ಆಯಾ ವರ್ಷದ ನಿಯಮವನ್ನು ಆಯಾ ವರ್ಷವೇ ಖಚಿತಪಡಿಸಿಕೊಳ್ಳಬೇಕು. ಇಗ್ನೊ ಪ್ರವೇಶದ ವಿವರಗಳು ಬೆಂಗಳೂರು ಹಾಗೂ ವಿಜಯಪುರದ ಪ್ರಾದೇಶಿಕ ಕೇಂದ್ರಗಳಲ್ಲಿ ದೊರೆಯುತ್ತವೆ.

ಪತ್ರ ಬರೆದ ತಂದೆಯವರಿಗೆ ಇಷ್ಟೇ ಹೇಳಬೇಕು: ಕಿರಿಯ ಮಗಳನ್ನು ಒಳ್ಳೆಯ ಆಸ್ಪತ್ರೆಯುಳ್ಳ ಕಾಲೇಜಿಗೆ ಸೇರಿಸಿ. ಹಿರಿಯವಳು ಪ್ರವೇಶ ಪರೀಕ್ಷೆಗೆ ಓದಲಿ. ಪ್ರಾಯೋಗಿಕ ತರಗತಿಯ ದಿನಗಳಲ್ಲಿ ಮೊಮ್ಮಗುವನ್ನು ನೀವು ನೋಡಿಕೊಂಡರೆ ಆಕೆಗೆ ಅದಕ್ಕಿಂತ ದೊಡ್ಡ ನೆರವಿಲ್ಲ. ಕರಪತ್ರದವರಿಗೆ ಕಟ್ಟಬೇಕೆಂದಿದ್ದ ಹಣ ಬ್ಯಾಂಕಿನಲ್ಲೇ ಇರಲಿ; ಕಾಲೇಜಿನ ಶುಲ್ಕಕ್ಕೆ ಬೇಕಾಗುತ್ತದೆ.