ತೂಕಕ್ಕೆ ಹಾಕುವ ಮೊದಲು

ಮನೆಯ ಹಿರಿಯರು ತೀರಿಕೊಂಡ ಮೇಲೆ ಪಾತ್ರೆ, ಒಡವೆಗಳಿಗೆ ವಾರಸುದಾರರು ಸಿಗುತ್ತಾರೆ. ಅಟ್ಟದ ಮೇಲಿನ ‘ಕಸ್ತೂರಿ’, ‘ಮಯೂರ’, ‘ಸುಧಾ’ ಕಟ್ಟುಗಳು ಮಾತ್ರ ರದ್ದಿ ಅಂಗಡಿಯ ತಕ್ಕಡಿ ಏರುತ್ತವೆ. ಮಕ್ಕಳನ್ನು ದೂರಿ ಫಲವಿಲ್ಲ. ಎರಡು ಕೋಣೆಯ ಫ್ಲ್ಯಾಟಿನಲ್ಲಿ ಮೂವತ್ತು ವರ್ಷದ ಪತ್ರಿಕೆಗಳನ್ನು ಇಡುವುದಾದರೂ ಎಲ್ಲಿ?

ಆದರೆ ಹೋದದ್ದು ಬರೀ ಕಾಗದವಲ್ಲ. ಧಾರಾವಾಹಿ ಪುಸ್ತಕವಾಗಿ ಉಳಿಯಬಹುದು. ಅದಕ್ಕೆ ಬರೆದ ಚಿತ್ರ, ವಾರವಾರವೂ ಬಂದ ಓದುಗರ ಪತ್ರ, ಪಕ್ಕದ ಸೋಪಿನ ಜಾಹೀರಾತು ಪುಸ್ತಕಕ್ಕೆ ಬರುವುದಿಲ್ಲ. 1942ರಲ್ಲಿ ರಾಶಿಯವರು ಆರಂಭಿಸಿದ ‘ಕೊರವಂಜಿ’ಯಲ್ಲಿ ಆರ್.ಕೆ. ಲಕ್ಷ್ಮಣ್ ಅವರ ಆರಂಭದ ದಿನಗಳ ಚಿತ್ರಗಳಿವೆ. 1919ರಲ್ಲಿ ಹುಟ್ಟಿದ ‘ಪ್ರಬುದ್ಧ ಕರ್ಣಾಟಕ’, ಅಡಿಗರ ‘ಸಾಕ್ಷಿ’ ಇವುಗಳ ಹಳೆಯ ಸಂಚಿಕೆ ತಿರುವದೆ ಕನ್ನಡ ವಿಮರ್ಶೆಯ ಚರಿತ್ರೆ ಬರೆಯಲಾಗದು.

ತಮಿಳುನಾಡಿನ ಒಂದು ಉದಾಹರಣೆ ಇಲ್ಲಿ ನೆನೆಯಬೇಕು. ಚೆಟ್ಟಿನಾಡಿನ ಕೋಟ್ಟೈಯೂರಿನಲ್ಲಿ ರೋಜಾ ಮುತ್ತಯ್ಯ ಚೆಟ್ಟಿಯಾರ್ ಎಂಬವರಿದ್ದರು. ಬೋರ್ಡು ಬರೆಯುವ ಕಲಾವಿದ. ಪುಸ್ತಕ, ಪತ್ರಿಕೆಗಳ ಜೊತೆಗೆ ನಾಟಕದ ಕರಪತ್ರ, ಆಹ್ವಾನ ಪತ್ರಿಕೆಗಳನ್ನೂ ದಶಕಗಳ ಕಾಲ ಕೂಡಿಟ್ಟರು. 1992ರಲ್ಲಿ ಅವರು ತೀರಿಕೊಂಡರು. ಸಂಗ್ರಹ ಚೂರಾಗಲಿಲ್ಲ. 1994ರಲ್ಲಿ ಚಿಕಾಗೋ ವಿಶ್ವವಿದ್ಯಾಲಯ ಅದನ್ನು ಇಡಿಯಾಗಿ ಕೊಂಡಿತು, ಆದರೆ ಅಮೆರಿಕಕ್ಕೆ ಸಾಗಿಸಲಿಲ್ಲ. ಚೆನ್ನೈಯಲ್ಲೇ ಇಟ್ಟು ಗ್ರಂಥಾಲಯ ಮಾಡಿಸಿತು. ಅಲ್ಲಿ ಪಟ್ಟಿ ತಯಾರಾಯಿತು, ಮೈಕ್ರೊಫಿಲ್ಮ್ ಆಯಿತು. ತಮಿಳಿನ ಬಗ್ಗೆ ಸಂಶೋಧನೆ ಮಾಡುವವರು ಇಂದು ಆ ಬಾಗಿಲು ತಟ್ಟುತ್ತಾರೆ.

ನಮ್ಮಲ್ಲಿ ಪಾಂಡವಪುರದ ಬಳಿಯ ಹರಳಹಳ್ಳಿಯ ಅಂಕೇಗೌಡರಿದ್ದಾರೆ. ಸಕ್ಕರೆ ಕಾರ್ಖಾನೆಯ ಸಂಬಳದಲ್ಲಿ ಪುಸ್ತಕ ಕೊಳ್ಳಲು ತೊಡಗಿ ಲಕ್ಷಾಂತರ ಪುಸ್ತಕಗಳ ‘ಪುಸ್ತಕದ ಮನೆ’ ಕಟ್ಟಿದವರು. ಎಂಥ ದೊಡ್ಡ ಕೆಲಸ! ಆದರೆ ಇಡೀ ರಾಜ್ಯದ ಅಟ್ಟಗಳ ಹೊಣೆಯನ್ನು ಇಂಥ ಒಬ್ಬಿಬ್ಬರ ಹೆಗಲಿಗೆ ಹಾಕಿ ಕೂರುವುದು ನ್ಯಾಯವಲ್ಲ.

ಕರ್ನಾಟಕದಲ್ಲಿ 1965ರಿಂದ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿದೆ. ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನೂ ಜನ ಕಟ್ಟುತ್ತಾರೆ. ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ಈ ನಾಲ್ಕು ವಿಭಾಗಗಳಲ್ಲಿ ತಲಾ ಒಂದು ಗ್ರಂಥಾಲಯವಾದರೂ ಹಳೆಯ ನಿಯತಕಾಲಿಕಗಳಿಗೆಂದೇ ಕೋಣೆ ತೆರೆಯಲಿ. ಯಾವ ಸಂಚಿಕೆ ಬೇಕು, ಯಾವುದು ಈಗಾಗಲೇ ಇದೆ ಎಂಬ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಇಡಲಿ. ಒಂದು ಮನೆಯಲ್ಲಿ ಕಳೆದುಹೋದ ದೀಪಾವಳಿ ವಿಶೇಷಾಂಕ ಇನ್ನೊಂದು ಮನೆಯ ಟ್ರಂಕಿನಲ್ಲಿ ಇದ್ದೀತು.

ಸ್ಕ್ಯಾನ್ ಮಾಡಿದರೆ ಸಾಲದೇ ಎಂದು ಕೇಳುವವರುಂಟು. ಮಾಡಲೇಬೇಕು. ಸುದ್ದಿ ಕಾಗದ ಹಳದಿಗಟ್ಟಿ ಪುಡಿಯಾಗುತ್ತದೆ, ಪಿನ್ನಿನ ತುಕ್ಕು ಹಾಳೆ ತಿನ್ನುತ್ತದೆ. ಆದರೆ ಲೇಖಕರು ತೀರಿಕೊಂಡು 60 ವರ್ಷ ಕಳೆಯುವವರೆಗೆ ಹಕ್ಕುಸ್ವಾಮ್ಯವಿರುತ್ತದೆ; ಅನುಮತಿಯಿಲ್ಲದೆ ಸ್ಕ್ಯಾನ್ ಪ್ರತಿಯನ್ನು ಎಲ್ಲರಿಗೂ ತೆರೆದಿಡಲಾಗದು. 1986ರಲ್ಲಿ ನಿಧನರಾದ ಮಾಸ್ತಿಯವರ ಬರಹಕ್ಕೆ ಅದು 2046ರ ಕೊನೆಯವರೆಗೂ ಇದೆ. ಒಂದೇ ಸಂಚಿಕೆಯಲ್ಲಿ ಹತ್ತು ಮಂದಿ ಲೇಖಕರಿದ್ದರೆ ಹತ್ತು ಲೆಕ್ಕ. ಅಲ್ಲಿಯವರೆಗೆ ಮೂಲಪ್ರತಿ ಒಂದು ಕಡೆ ಭದ್ರವಾಗಿರಲೇಬೇಕು.

ಸಂಗ್ರಹವುಳ್ಳವರು ಬದುಕಿರುವಾಗಲೇ ಪತ್ರಿಕೆಯ ಹೆಸರು, ವರ್ಷ, ಇಲ್ಲದ ಸಂಚಿಕೆ ಇಷ್ಟನ್ನು ಒಂದು ನೋಟ್ ಬುಕ್ಕಿನಲ್ಲಿ ಬರೆದಿಡಲಿ. ಯಾರಿಗೆ ಕೊಡಬೇಕೆಂಬುದನ್ನೂ ಮಕ್ಕಳಿಗೆ ಹೇಳಲಿ. ಕೊಡುವಾಗ ಬಿಡಿಬಿಡಿಯಾಗಿ ಹಂಚದೆ ಇಡೀ ಸಂಪುಟವನ್ನೇ ಒಂದೇ ಕಡೆ ಕೊಡಲಿ.