ಭವನ ಬ್ಯಾಡ, ಗೋದಾಮಿನ ಬೀಗ ತೆಗೀರಿ

ಮೊನ್ನೆ ಸಂಜಿ ಕಟ್ಟಿ ಮ್ಯಾಲೆ ಕುಂತಾಗ ಒಬ್ಬರು ಅಂದ್ರು, "ಈ ಸಲ ತಾಲ್ಲೂಕಿಗೆ ರೊಕ್ಕ ಛಲೋ ಬರ್ತದಂತ, ನಮ್ಮೂರಿಗೂ ಒಂದು ಸಮುದಾಯ ಭವನ ಕೇಳೂಣು." ಎಲ್ಲಾರೂ ಹೌದ್ಹೌದು ಅಂದ್ರು. ನಾನು ಸುಮ್ನಿದ್ದೆ. ಮನಿಗೆ ಬಂದ ಮ್ಯಾಲೆ ನಿದ್ದಿ ಹತ್ತಲಿಲ್ಲ. ಅದಕ್ಕ ಇದನ್ನ ಬರೀಲಿಕತ್ತೀನಿ. ಉದ್ದ ಆಗ್ತದ. ತೊಗರಿಗೆ ಎಡಿ ಹೊಡದು ಮುಗಿಸಿದವರು ಓದ್ರಿ, ಉಳದವರು ರಾತ್ರಿ ಓದ್ರಿ.

ನಿಮಗ ಗೊತ್ತಿದ್ದದ್ದೇ, ಹೊಲಕ್ಕ ವಾಪಸ್ ಬರೂಕಿಂತ ಮೊದಲು ನಾನು ಹನ್ನೊಂದು ವರ್ಷ ಯೋಜನೆ ತಯಾರು ಮಾಡೋ ಕೆಲಸದಾಗಿದ್ದೆ. ಯಾವ ಹಳ್ಳಿಯಾಗ ಏನದ, ಏನಿಲ್ಲ ಅಂತ ಲೆಕ್ಕ ತಗೊಂಡು, ಎಲ್ಲಿಗೆ ಎಷ್ಟು ಬೇಕು ಅಂತ ಬರಿಯೋದು. ಪ್ರಾದೇಶಿಕ ಅಸಮತೋಲನ ತಗಿಯೋದು ನಮ್ಮ ಕೆಲಸ ಅಂತ ಎದಿ ಉಬ್ಬಿಸಿಕೊಂಡು ತಿರಗತಿದ್ದೆವು. ಆ ಕೆಲಸದಾಗ ನಾ ಮಾಡಿದ ಒಂದು ತಪ್ಪು ಇವತ್ತಿಗೂ ಎದಿಯಾಗ ಚುಚ್ಚತದ, ಅದನ್ನ ಮುಂದೆ ಹೇಳ್ತೀನಿ.

ಮೊದಲು ಈ "ಹಿಂದುಳಿದ ತಾಲ್ಲೂಕು" ಅನ್ನೋ ಮಾತು ಎಲ್ಲಿಂದ ಬಂತು ನೋಡ್ರಿ. ಡಾ. ಡಿ.ಎಂ. ನಂಜುಂಡಪ್ಪ ಅವರ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಆಗ ರಾಜ್ಯದಾಗ ಇದ್ದದ್ದು 175 ತಾಲ್ಲೂಕು. ಕೃಷಿ, ಕೈಗಾರಿಕೆ, ರಸ್ತೆ, ಶಾಲೆ, ದವಾಖಾನಿ ಅಂತ 35 ಸೂಚಕ ಇಟ್ಕೊಂಡು ಒಂದೊಂದು ತಾಲ್ಲೂಕನ್ನೂ ತೂಗಿದ್ರು. ರಾಜ್ಯದ ಸರಾಸರಿ 1 ಅಂದ್ರ, ಅದಕ್ಕಿಂತ ಕೆಳಗಿದ್ದದ್ದು 114 ತಾಲ್ಲೂಕು. ಅದರಾಗ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ 21 ನಮ್ಮ ಕಲಬುರಗಿ ವಿಭಾಗದಾಗ. ಬೆಂಗಳೂರು ವಿಭಾಗದಾಗೂ 11 ಇದ್ದವು, ಅದನ್ನ ನಮ್ಮ ಭಾಷಣಕಾರರು ಯಾರೂ ಹೇಳಂಗಿಲ್ಲ. ಬಡತನ ಬರೇ ಉತ್ತರದ ಗುತ್ತಿಗಿ ಅಲ್ಲ ಅಂತ ಆ ವರದಿನೇ ತೋರಿಸಿತ್ತು. ಎಂಟು ವರ್ಷದಾಗ 31,000 ಕೋಟಿ ಖರ್ಚು ಮಾಡ್ರಿ, ಅದರಾಗ ನೂರಕ್ಕೆ ಅರವತ್ತು ಉತ್ತರಕ್ಕ ಕೊಡ್ರಿ ಅಂತ ಶಿಫಾರಸು.

ಆ ವರದಿ ದೊಡ್ಡದು, ಅದರ ಬಗ್ಗೆ ನನ್ನ ತಕರಾರಿಲ್ಲ. ಎಲ್ಲಾರಿಗೂ ಸಮ ಹಂಚಿದ್ರ ಅದು ನ್ಯಾಯ ಅಲ್ಲ, ಕಡಿಮಿ ಇದ್ದವರಿಗೆ ಜಾಸ್ತಿ ಕೊಡಬೇಕು ಅಂತ ಲೆಕ್ಕ ಹಾಕಿ ಹೇಳಿದ ವರದಿ ಅದು. ಆಮ್ಯಾಲೆ 371(ಜೆ) ಬಂತು, 2013ರಲ್ಲಿ ನಮ್ಮ ಭಾಗಕ್ಕ ಮಂಡಳಿ ಬಂತು, 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಅನ್ನೋ ಹೆಸರು ಬಂತು. ನೌಕರಿ, ಕಾಲೇಜು ಸೀಟಿನ ಮೀಸಲಾತಿಯಿಂದ ನಮ್ಮ ಹುಡುಗರಿಗೆ ಅನುಕೂಲ ಆಗೇದ, ಇಲ್ಲ ಅನ್ನಂಗಿಲ್ಲ.

ನನ್ನ ಜಗಳ ಸರಾಸರಿ ಜೋಡಿ.

ಸೂಚಕದಾಗ ಟ್ರ್ಯಾಕ್ಟರ್ ಎಣಿಸ್ತಾರ, ಟ್ರ್ಯಾಕ್ಟರ್ ಯಾರದು ಅಂತ ಎಣಿಸಂಗಿಲ್ಲ. ಇಪ್ಪತ್ತು ಎಕರೆ ನೀರಾವರಿ ಇದ್ದವನ ಕೊಳವೆಬಾವಿ ಮತ್ತು ಎರಡು ಎಕರೆ ಮಡ್ಡಿ ಇದ್ದವನ ಒಣ ಹೊಲ ಕೂಡಿ ಒಂದೇ ಅಂಕಿ ಆಗ್ತದ. ಆ ಅಂಕಿ ಮ್ಯಾಲೆ ರೊಕ್ಕ ಬರ್ತದ. ಬಂದ ರೊಕ್ಕ ಎಲ್ಲಿಗೆ ಹೋಗ್ತದ? ಹಿಂದುಳಿದ ತಾಲ್ಲೂಕಿನ ಮುಂದುವರಿದ ಓಣಿಗೆ. ತಾಲ್ಲೂಕು ಬಡದು ಅಂತ ತಂದು, ತಾಲ್ಲೂಕಿನಾಗ ಬಲ ಇದ್ದಲ್ಲಿ ಸುರಿಯೋದು. ಇಪ್ಪತ್ತು ವರ್ಷದ ಮ್ಯಾಲೆ ಹಳೇದಾದ ಅಂಕಿ, ನಡುವ ಕಾಳಗಿ, ಕಮಲಾಪುರ, ಯಡ್ರಾಮಿ, ಶಹಾಬಾದ ಅಂತ ಹೊಸ ತಾಲ್ಲೂಕು ಬ್ಯಾರೆ ಆದವು. ಗಡಿ ಬದಲಾತು, ಹಣಿಪಟ್ಟಿ ಬದಲಾಗಲಿಲ್ಲ.

ಈಗ ನನ್ನ ತಪ್ಪು. ಒಂದು ಊರಿಗೆ ನಮೂನೆ ತುಂಬಲಿಕ್ಕೆ ಹೋಗಿದ್ದೆ. "ಗೋದಾಮು: ಇದೆ / ಇಲ್ಲ" ಅಂತ ಒಂದು ಸಾಲು. ಗೋದಾಮು ಇತ್ತು. ಬೀಗ ಹಾಕಿತ್ತು, ಬೀಗಕ್ಕ ತುಕ್ಕು ಹಿಡದಿತ್ತು, ಕಿಲಿ ಯಾರ ಹಂತ್ಯಾಕ ಅದ ಅಂತ ಯಾರಿಗೂ ಗೊತ್ತಿರಲಿಲ್ಲ. ಒಳಗ ಬಾವಲಿ. ನಾನು "ಇದೆ" ಅಂತ ಗುರುತು ಹಾಕಿದೆ. ಆ ಊರಿಗೆ ಮೂರು ಕಿಲೋಮೀಟರ್ ದೂರದಾಗ ಒಂದು ತಾಂಡಾ. ಅದೂ ಅದೇ ಊರಿನ ಲೆಕ್ಕದಾಗ. ಉಪಕೇಂದ್ರ: ಇದೆ. ಶಾಲೆ: ಇದೆ. ತಾಂಡಾದಾಗ ಏನೂ ಇಲ್ಲ, ಸುಗ್ಗಿ ಮುಗದ ಮ್ಯಾಲೆ ಅರ್ಧ ಮನಿಗೆ ಬೀಗ, ಮಂದಿ ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ. ಆದ್ರ ನನ್ನ ಹಾಳಿ ಪ್ರಕಾರ ಅವರಿಗೆ ಎಲ್ಲಾ ಅದ. ಮುಂದಿನ ಪಟ್ಟಿಯಿಂದ ಆ ಊರು ಬಿತ್ತು. ಒಬ್ಬ ಮುದುಕಿ ನನಗ ಕುಡಿಲಿಕ್ಕೆ ನೀರು ತಂದು ಕೊಟ್ಟು "ಸಾಹೇಬ, ಏನ್ ಬರಕೊಂಡ್ರಿ?" ಅಂತ ಕೇಳಿದ್ಲು. "ನಿಮಗ ಛಲೋ ಆಗ್ತದ ಅವ್ವಾ" ಅಂದೆ. ಸುಳ್ಳು ಹೇಳಿದೆ ಅಂತ ನನಗ ಆಗ ಗೊತ್ತಿರಲಿಲ್ಲ, ಅದೇ ದೊಡ್ಡ ತಪ್ಪು.

ಮ್ಯಾಲಿನವರು ಕೇಳಿದ್ದು ಕಟ್ಟಡ ಅದನೋ ಇಲ್ಲೋ ಅಂತ. ಅದು ನಡಿತದನೋ, ಯಾರಿಗೆ ನಡಿತದ ಅಂತ ಕೇಳೋ ಕಾಲಂ ಇರಲಿಲ್ಲ. ನಾನು ಪುಟದ ಅಂಚಿನಾಗ ಬರದಿದ್ರ ಯಾರೂ ಕೈ ಕಡಿತಿರಲಿಲ್ಲ.

ಈಗ ಭವನಕ್ಕ ಬರ್ತೀನಿ. ಭವನ ಕಟ್ಟೋದ್ರಿಂದ ಗುತ್ತಿಗೆದಾರನಿಗೆ ಒಂದು ವರ್ಷ ಲಾಭ, ನಮಗ ವರ್ಷಕ್ಕ ನಾಕು ಮದುವಿ. ನಮ್ಮ ಗಳಿಕಿ ಎಲ್ಲಿ ಸೋರ್ತದ? ಒಂದು ಕ್ವಿಂಟಲ್ ತೊಗರಿ ಗಿರಣಿಗೆ ಹೋದ್ರ ಹೆಚ್ಚುಕಮ್ಮಿ 70 ಕಿಲೋ ಬೇಳಿ ಆಗ್ತದ, ಉಳದ ಹೊಟ್ಟು-ನುಚ್ಚು ದನದ ಮೇವಿಗೆ ಮಾರಾಟ ಆಗ್ತದ. ನಾವು ತೊಗರಿ ಚೀಲ ಮಾರ್ತೀವಿ, ಬೇಳಿ ಪಾಕೀಟು ಕೊಂಡ್ ತರ್ತೀವಿ, ಎಮ್ಮಿಗೆ ಹೊಟ್ಟೂ ಕೊಂಡ್ ತರ್ತೀವಿ! ಕಲಬುರಗಿ ತೊಗರಿ ಬೇಳಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಆ ಹೆಸರಿನ ಬೆಲಿ ಯಾರ ಕಿಸೆಕ್ಕ ಹೋಗೇದ, ನಿಮ್ಮ ಕಿಸೆ ಮುಟ್ಟಿ ನೋಡ್ಕೊಳ್ರಿ. ಸುಗ್ಗಿಯಾಗ ಎಲ್ಲಾರೂ ಒಮ್ಮಿಗೇ ಮಾರಬೇಕು, ಯಾಕಂದ್ರ ಇಡಲಿಕ್ಕೆ ಜಾಗ ಇಲ್ಲ, ಸಾಲದವ ಬಾಗಲಾಗ ನಿಂತಿರ್ತಾನ. ನಡಿಯೋ ಗೋದಾಮು, ಕಾಳು ಹಸನ ಮಾಡೋ ಯಂತ್ರ, ಇಟ್ಟ ಕಾಳಿನ ರಸೀದಿ ಮ್ಯಾಲೆ ಸಾಲ, ಇಷ್ಟಿದ್ರ ಎರಡು ಎಕರೆಯವನೂ ಮೂರು ತಿಂಗಳು ತಡೀಬಹುದು. ನೆಟೆ ರೋಗ ಬಂದ ವರ್ಷ ಯಾವ ಯೋಜನೆಯೂ ತಡಿಯಂಗಿಲ್ಲ, ಅದು ಬ್ಯಾರೆ ಮಾತು.

"ಅದನ್ನ ನಾವ್ ಹೆಂಗ್ ಕೇಳೋದು, ಎಲ್ಲಾ ಮ್ಯಾಲಿಂದ ಬರ್ತದ" ಅಂತೀರಿ. ಸಂವಿಧಾನದ 243-ಝಡ್‌ಡಿ ಪ್ರಕಾರ ಜಿಲ್ಲಾ ಯೋಜನಾ ಸಮಿತಿಯಾಗ ಐದರಾಗ ನಾಕು ಪಾಲು ಸದಸ್ಯರು ಜಿಲ್ಲಾ ಪಂಚಾಯಿತಿ ಮತ್ತು ಪುರಸಭೆಗಳಿಗೆ ಆರಿಸಿ ಬಂದವರ ನಡುವಿನಿಂದಲೇ ಬರಬೇಕು. ಜಿಲ್ಲಾ ಪಂಚಾಯಿತಿ ಅವಧಿ ಮುಗದದ್ದು 2021ರಲ್ಲಿ. ಆಮ್ಯಾಲೆ ವರ್ಷಗಟ್ಟಲೆ ಚುನಾವಣಿನೇ ಇಲ್ಲ. ನಮ್ಮ ಯೋಜನೆ ಮಾಡಬೇಕಾದ ಕುರ್ಚಿ ಖಾಲಿ ಇಟ್ಟು, ಯೋಜನೆ ನಿಮ್ಮದೇ ಅಂದ್ರ ಹೆಂಗ? ಇದರ ಬಗ್ಗೆ ಕಟ್ಟಿ ಮ್ಯಾಲೆ ಒಬ್ಬರೂ ಮಾತಾಡಂಗಿಲ್ಲ. ಭವನಕ್ಕ ಯಾರ ಹೆಸರಿಡಬೇಕು ಅಂತ ಮಾತ್ರ ಜಗಳ ಶುರು ಆಗೇದ.

ಗ್ರಾಮ ಸಭೆ ಒಂದು ಉಳದದ. ಮುಂದಿನ ವಾರ ಅಂತ ಡಂಗುರ ಆಗೇದ. ನಾನು ಮೂರು ಮಾತು ಬರೀಸಿ ಸಹಿ ಹಾಕಿಸಬೇಕು ಅಂತ ಮಾಡೀನಿ: ಹಳೇ ಗೋದಾಮಿನ ಕಿಲಿ ಯಾರ ಹಂತ್ಯಾಕ ಅದ ಅಂತ ಲಿಖಿತ ಉತ್ತರ, ತಾಂಡಾದ ಲೆಕ್ಕ ಊರಿನ ಲೆಕ್ಕದಿಂದ ಬ್ಯಾರೆ, ಭವನದ ಬದಲಿ ಹಸನ ಮಾಡೋ ಯಂತ್ರ. ಭವನ ಬೇಕೇ ಬೇಕು ಅನ್ನೋರು ಬರ್ರಿ, ಜಗಳ ಮಾಡೂಣು. ತಾಂಡಾದವರನ್ನ ಕರಕೊಂಡು ಬರ್ಲಿಕ್ಕೆ ನನ್ನ ಟಂಟಂ ಮುಂಜಾನಿ ಒಂಬತ್ತಕ್ಕ ಹೊಂಡತದ, ಇನ್ನೊಂದು ಗಾಡಿ ಬೇಕು. ಯಾರು ಕೊಡ್ತೀರಿ ಕೆಳಗ ಬರೀರಿ.